ಹಸಿರು ಶಾಯಿಯ ಸಹಿ

ಹೊಸಹಳ್ಳಿ ಮೆಟ್ರೋ ಇಳಿದು ಎಡಕ್ಕೆ ತಿರುಗಿದರೆ ಒಂದು ಬೇಕರಿ ಸಿಗುತ್ತದೆ. ಅದರ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದರೆ ‘ಬೆಳಕಿಂಡಿ ಮಹಿಳಾ ಓದುಕೋಣೆ’. ಓದುಕೋಣೆ ಅಂದಕೂಡಲೇ ಅಲ್ಲಿ ಪುಸ್ತಕ ಸಿಗುತ್ತದೆ ಅಂದುಕೊಳ್ಳಬೇಡಿ. ಪುಸ್ತಕ ನೀವೇ ತರಬೇಕು. ಅಲ್ಲಿ ಸಿಗುವುದು ಒಂದು ಕುರ್ಚಿ, ಮೂರು ಕಡೆ ಪ್ಲೈವುಡ್ ಹೊಡೆದ ಒಂದು ಮೇಜು, ತಲೆಯ ಮೇಲೊಂದು ಟ್ಯೂಬ್‌ಲೈಟು, ಪಿಸುಗುಟ್ಟಿದರೂ ಗದರುವುದಕ್ಕೆ ಒಬ್ಬ ಹೆಂಗಸು. ಆ ಹೆಂಗಸೇ ಉಮಾಶ್ರೀ.

ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರಿಂದಲೇ ವಿಜಯನಗರದ ಸುತ್ತಮುತ್ತಲ ಪಿಜಿಗಳು ತುಂಬಿವೆ. ರಾಯಚೂರು, ಯಾದಗಿರಿ, ಕೊಪ್ಪಳದ ಬಸ್ಸುಗಳು ಬೆಳಿಗ್ಗೆ ಇಳಿಸಿ ಹೋಗುವ ಟ್ರಂಕುಗಳಲ್ಲಿ ಅರ್ಧಕ್ಕರ್ಧ ಇಲ್ಲಿಗೇ ಬರುತ್ತವೆ. ಕೆಲವರು ಎರಡು ವರ್ಷದಲ್ಲಿ ಗೆದ್ದು ಹೋಗುತ್ತಾರೆ, ಹಲವರು ನಾಲ್ಕು ವರ್ಷದಲ್ಲಿ ಸೋತು ಹೋಗುತ್ತಾರೆ. ಗೆಲ್ಲದೆ, ಸೋತೆ ಅಂತಲೂ ಒಪ್ಪದೆ, ಹನ್ನೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತವಳು ಉಮಾಶ್ರೀ ಒಬ್ಬಳೇ. ಲಿಂಗಸುಗೂರಿನ ಹತ್ತಿರದ ಹಳ್ಳಿಯಿಂದ ಇಪ್ಪತ್ತಾರನೇ ವಯಸ್ಸಿಗೆ ಬಂದಿದ್ದಳು. ಮೂರನೇ ವರ್ಷಕ್ಕೆ ಓದುಕೋಣೆಯ ಮಾಲೀಕ ಕಾಂತರಾಜು ಅವಳ ಶಿಸ್ತು ನೋಡಿ, ಬೀಗದ ಕೈ ಕೊಟ್ಟು, “ಬೆಳಿಗ್ಗೆ ಬಾಗ್ಲು ತೆಗಿ, ಕಸ ಹೊಡ್ಸು, ಹುಡ್ಗೀರ್ನ ನೋಡ್ಕೊ, ನಿನ್ನ ಸೀಟು ಫ್ರೀ” ಅಂದಿದ್ದ. ಕಾಂತರಾಜು ಕೆಟ್ಟವನಲ್ಲ. ಯಾರಿಂದ ಯಾವ ಕೆಲಸ ಆಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು, ಅಷ್ಟೇ.

ಆ ಕೆಲಸಗಳ ಜೊತೆಗೆ ಅವಳೇ ಸೇರಿಸಿಕೊಂಡ ಕೆಲಸ ಇನ್ನೊಂದಿತ್ತು. ಬಾಗಿಲ ಎದುರಿನ ಬಿಳಿ ಬೋರ್ಡಿನ ಮೇಲೆ ದಿನಕ್ಕೊಂದು ಸಾಲು ಬರೆಯುವುದು. ಎಲ್ಲಿಂದಲೋ ಕದ್ದ ಸಾಲಲ್ಲ, ಸ್ವಂತದ್ದು. “ಕುರ್ಚಿ ಬಿಸಿಯಾಗುವವರೆಗೆ ಕೂತರೆ ಮಾತ್ರ ಕೂತ ಹಾಗೆ” ಅಂತ ಒಂದು ದಿನ. “ಓದದವರಿಗೆ ಕಾರಣ ಸಿಗುತ್ತದೆ, ಓದಿದವರಿಗೆ ಪ್ರಶ್ನೆಪತ್ರಿಕೆ” ಅಂತ ಇನ್ನೊಂದು ದಿನ. ಹುಡುಗಿಯರು ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಿದ್ದರು. ಮನೆ ನೆನಪಾಗಿ ಅತ್ತವಳು, ಮದುವೆಗೆ ಒತ್ತಾಯ ಬಂದವಳು, ಅರ್ಧ ಅಂಕದಲ್ಲಿ ಹೋದವಳು ಎಲ್ಲರೂ ಬೆಳಿಗ್ಗೆ ಆ ಬೋರ್ಡಿನ ಮುಂದೆ ಒಂದು ನಿಮಿಷ ನಿಂತು ಒಳಗೆ ಹೋಗುತ್ತಿದ್ದರು. ಗೆದ್ದವರ ಫ್ಲೆಕ್ಸು ಪ್ರತಿ ಸಲ ಮೆಟ್ಟಿಲ ಬಾಯಲ್ಲಿ ಏಳುತ್ತಿತ್ತು. ಅದರ ಹಗ್ಗ ಕಟ್ಟುವವಳೂ ಉಮಾಶ್ರೀಯೇ. ದೀಪದ ಬುಡದಲ್ಲಿ ಕತ್ತಲು ಅಂತ ಸುಮ್ಮನೆ ಹೇಳಿಲ್ಲ ನೋಡಿ.

ಹಾಗಾದರೆ ಅವಳಿಗೆ ಸ್ಫೂರ್ತಿ ಎಲ್ಲಿಂದ ಬರುತ್ತಿತ್ತು? ಹುಡುಗಿಯರೂ ಕೇಳುತ್ತಿದ್ದರು. ಅವಳು ನಕ್ಕು ಬೋರ್ಡು ಒರೆಸುತ್ತಿದ್ದಳು. ಬಂದದ್ದು ಒಂದು ಚೊಂಬು ನೀರಿನಿಂದ. ಅವಳಿಗೆ ಹದಿಮೂರು ವರ್ಷವಿದ್ದಾಗ ಅಪ್ಪ ತೀರಿಕೊಂಡಿದ್ದ. ಅವ್ವ ಲಕ್ಷ್ಮವ್ವ ವಿಧವಾ ಪಿಂಚಣಿಯ ಕಾಗದ ಹಿಡಿದು ಎರಡು ವರ್ಷ ತಾಲೂಕು ಕಚೇರಿಗೆ ಅಲೆದಳು. ನಾಳೆ ಬಾ, ಸಾಹೇಬರಿಲ್ಲ, ಒಂದು ಸಹಿ ಬಾಕಿ ಐತಿ. ಇಷ್ಟೇ ಉತ್ತರ. ಒಂದು ದಿನ ಹೊಸ ತಹಶೀಲ್ದಾರರು ಯಾವುದೋ ವಿಚಾರಣೆಗೆ ಊರಿಗೆ ಬಂದರು. ಹೆಣ್ಣುಮಗಳು, ಹತ್ತಿಸೀರೆ ಉಟ್ಟಿದ್ದರು. ಬಿಸಿಲಿಗೆ ಬೇಸತ್ತು ಇವರ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಲಕ್ಷ್ಮವ್ವ ಧೈರ್ಯ ಮಾಡಿ ಕಾಗದ ಮುಂದೆ ಹಿಡಿದಳು. ಉಮಾಶ್ರೀ ಒಳಗಿನಿಂದ ಚೊಂಬು ತರುವಷ್ಟರಲ್ಲಿ ಅವರು ಕಾಗದ ಓದಿ, ಪೆನ್ನು ತೆಗೆದು ಸಹಿ ಹಾಕಿ ಮುಗಿಸಿದ್ದರು. ಹಸಿರು ಶಾಯಿ, ಇನ್ನೂ ಒಣಗಿರಲಿಲ್ಲ. ಎರಡು ವರ್ಷ ಆಗದ್ದು ನೀರು ತರುವಷ್ಟರಲ್ಲಿ ಆಗಿಹೋಗಿತ್ತು. ದೊಡ್ಡ ಅಧಿಕಾರಿಗಳು ಮಾತ್ರ ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಾರೆ ಎಂದು ಆಮೇಲೆ ಮೇಷ್ಟ್ರು ಹೇಳಿದರು.

ಅಂಥ ಅಧಿಕಾರಿಯಾಗಬೇಕೆಂದು ಅವತ್ತೇ ನಿರ್ಧಾರ ಆಯಿತು. ಕಾರು, ಬಂಗಲೆ ಅವಳ ಕನಸಿನಲ್ಲಿ ಬರಲೇ ಇಲ್ಲ. ಯಾರದೋ ಮನೆಯ ಕಟ್ಟೆಯ ಮೇಲೆ ಕೂತು, ನೀರು ಬರುವಷ್ಟರಲ್ಲಿ ಒಬ್ಬಳ ಕಷ್ಟ ಮುಗಿಸಬೇಕು. ಬದುಕಿದ್ದಕ್ಕೆ ಒಂದು ಅರ್ಥ ಅಂದರೆ ಇದು ಎಂದು ಅವಳು ನಂಬಿದಳು. ಲಕ್ಷ್ಮವ್ವನಿಗೆ ಹುದ್ದೆಯ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಫೋನಿನಲ್ಲಿ ಅವಳು ಕೇಳುತ್ತಿದ್ದದ್ದು ಒಂದೇ.

“ಹಸರು ಸಹಿ ಯಾವಾಗ ಹಾಕ್ತಿಯವ್ವ?”

“ಇದೊಂದು ಸಲ ಯವ್ವಾ. ಈ ಸಲ ಹಾಕ್ತೀನಿ.”

ಪೂರ್ವಭಾವಿ ದಾಟಿ ಎರಡು ಸಲ ಮುಖ್ಯ ಪರೀಕ್ಷೆಯವರೆಗೂ ಹೋಗಿ ಬಂದಿದ್ದಳು. ಆ ಪರೀಕ್ಷೆಯೇನು ವರ್ಷ ವರ್ಷ ಬರುವ ಯುಗಾದಿಯೇ? ಬಂದಾಗ ಬಂತು, ಇಲ್ಲದಿದ್ದರೆ ಮೂರು ವರ್ಷ ಸುದ್ದಿಯಿಲ್ಲ. ಕೊನೆಗೆ ಅಧಿಸೂಚನೆ ಬಂದಾಗ ಉಮಾಶ್ರೀಗೆ ಮೂವತ್ತೆಂಟು. ಅವಳ ವರ್ಗಕ್ಕೆ ವಯೋಮಿತಿಯೂ ಅಷ್ಟೇ. ಇದು ಬಿಟ್ಟರೆ ಇನ್ನಿಲ್ಲ. ಆ ಸಲದ ಓದು ಹೇಗಿತ್ತು ಅಂದರೆ, ಕಾಂತರಾಜು ಕೂಡ ಅವಳನ್ನು ಚಹಾ ತರಲು ಕೂಗುವುದನ್ನು ನಿಲ್ಲಿಸಿದ್ದ.

ಅದೇ ವರ್ಷ ಮೂಡಲಪಾಳ್ಯದಿಂದ ಕವನಾ ಎಂಬ ಹುಡುಗಿ ಓದುಕೋಣೆಗೆ ಸೇರಿದಳು. ಇಪ್ಪತ್ನಾಲ್ಕು ವರ್ಷ, ಚುರುಕು, ಆದರೆ ತನ್ನ ಮೇಲೆ ತನಗೇ ನಂಬಿಕೆಯಿಲ್ಲ. ಅರ್ಜಿ ಹಾಕಲೋ ಬೇಡವೋ ಎಂದು ಇಡೀ ತಿಂಗಳು ಎಳೆದಳು. “ಅಕ್ಕಾ, ನನ್ನ ಕೈಲಿ ಆಗಲ್ಲ ಅನ್ಸುತ್ತೆ. ಮುಂದಿನ ಸಲ ನೋಡೋಣ.”

“ಆಗಲ್ಲ ಅಂತ ಪರೀಕ್ಷೆ ಹೇಳ್ಲಿ, ನೀನು ಹೇಳ್ಬೇಡ” ಎಂದಿದ್ದಳು ಉಮಾಶ್ರೀ.

ಅರ್ಜಿಯ ಕೊನೆಯ ದಿನ. ಸಂಜೆ ಐದೂವರೆಗೆ ಪೋರ್ಟಲ್ ಮುಚ್ಚುತ್ತಿತ್ತು. ಓದುಕೋಣೆಯ ಹುಡುಗಿಯರ ಅರ್ಜಿಗಳನ್ನೆಲ್ಲ ಕಾಂತರಾಜುವಿನ ಕಂಪ್ಯೂಟರಿನಲ್ಲಿ ತುಂಬುವವಳು ಉಮಾಶ್ರೀಯೇ. ಯಾವ ಪ್ರಮಾಣಪತ್ರಕ್ಕೆ ಯಾವ ದಿನಾಂಕವಿರಬೇಕು, ಫೋಟೋ ಎಷ್ಟು ಚಿಕ್ಕದಿರಬೇಕು, ಬಿಳಿ ಹಾಳೆಯ ಮೇಲಿನ ಸಹಿಯನ್ನು ಹೇಗೆ ಕತ್ತರಿಸಿ ಹಾಕಬೇಕು ಎಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆಯಿಂದ ಐದು ಜನರದ್ದು ಮುಗಿಸಿದ್ದಳು. ತನ್ನದು ಕೊನೆಗೆ ಇರಲಿ ಎಂದು ಬಿಟ್ಟಿದ್ದಳು. ನಾಲ್ಕೂವರೆಗೆ ಕವನಾ ಸ್ಕೂಟರಿನಲ್ಲಿ ಓಡೋಡಿ ಬಂದಳು. ಹಾಕುವುದಂತೆ. ಉಮಾಶ್ರೀ ಗದರಿದಳು, ಗದರುತ್ತಲೇ ಅವಳ ಫೋಟೋ, ಸಹಿ ಸ್ಕ್ಯಾನ್ ಮಾಡಿದಳು, ಸುತ್ತುತ್ತಲೇ ಇರುವ ಪೋರ್ಟಲನ್ನು ಬೈದಳು. ಕವನಾಳ ಅರ್ಜಿ ಹೋದಾಗ ಐದು ಗಂಟೆ ಐದು ನಿಮಿಷ.

ಆಮೇಲೆ ತನ್ನದು. ಪುಟ ತೆರೆಯುವುದಕ್ಕೇ ಹದಿನೈದು ನಿಮಿಷ ಹೋಯಿತು. ಫೋಟೋ ಹಾಕಿದಳು, ಸಹಿ ಹಾಕಿದಳು, ಗುಂಡಿ ಒತ್ತಿದಳು. ಅರ್ಜಿ ಸಲ್ಲಿಕೆಯಾಗಿದೆ ಎಂದು ಬಂತು. ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದಳು. ಸಲ್ಲಿಸಿದ ಪ್ರತಿಯನ್ನು ಮೂರು ಸಲ ಓದಿ ಎಂದು ಆರು ಜನಕ್ಕೆ ಹೇಳಿದವಳು ತನ್ನದನ್ನು ಒಂದು ಸಲವೂ ತೆರೆಯಲಿಲ್ಲ. ತಿದ್ದುಪಡಿಗೆ ಮೂರು ದಿನ ಅವಕಾಶವಿತ್ತು. ಆ ಮೂರು ದಿನವೂ ಬೋರ್ಡಿನ ಮೂಲೆಯಲ್ಲಿ “ತಿದ್ದುಪಡಿ ಇದ್ದವರು ಮಾಡಿಕೊಳ್ಳಿ” ಎಂದು ಬರೆದವಳೂ ಅವಳೇ. ಇದಕ್ಕೆ ಏನನ್ನೋಣ ಹೇಳಿ.

ಪರೀಕ್ಷೆಗೆ ಹತ್ತು ದಿನವಿದ್ದಾಗ ಪ್ರವೇಶಪತ್ರ ಬಂತು. ಬೆಳಿಗ್ಗೆ ಏಳು ಮಂದಿಯದ್ದೂ ಪ್ರಿಂಟ್ ತೆಗೆದಳು. ಕೊನೆಯ ಹಾಳೆ ತನ್ನದು. ಹೆಸರು ಸರಿ, ಫೋಟೋ ಸರಿ. ಫೋಟೋದ ಕೆಳಗೆ ಕವನಾಳ ಸಹಿ. ಕೊನೆಯ ಅಕ್ಷರದಿಂದ ಬಾಲವೊಂದು ಹಿಂದಕ್ಕೆ ಸುತ್ತಿ ಬಂದು, ಕೆಳಗೆ ಎರಡು ಚುಕ್ಕಿ. ಅವಳ ಸ್ವಂತ ಸಹಿಗೆ ಬಾಲವೂ ಇಲ್ಲ, ಚುಕ್ಕಿಯೂ ಇಲ್ಲ. ಉಮಾಶ್ರೀ ಎಂದು ಶಾಲೆಯ ಕಾಪಿ ಪುಸ್ತಕದ ಹಾಗೆ ಬಿಡಿಸಿ ಬರೆಯುವ ಸಹಿ ಅದು. ಅವಸರದಲ್ಲಿ ಪಕ್ಕದ ಫೈಲು ಒತ್ತಿಬಿಟ್ಟಿದ್ದಳು. ನಿಂತಲ್ಲೇ ನೆಲದ ಮೇಲೆ ಕೂತಳು.

ಪರೀಕ್ಷೆ ನಡೆಸುವ ಆಯೋಗದ ಕಚೇರಿಗೆ ಓಡಿದಳು. ಕಿಟಕಿಯ ಆಚೆ ಕೂತವರು ಕಂಪ್ಯೂಟರು ನೋಡಿ, ಅವಳ ಮುಖ ನೋಡಿ, ನಿಜವಾಗಿಯೂ ಮರುಗಿ ಹೇಳಿದರು. “ಮೇಡಂ, ಎಡಿಟ್ ಕ್ಲೋಸ್ ಆಗಿದೆ. ನಾನು ಮಾಡ್ತೀನಿ ಅಂದ್ರೂ ಸಿಸ್ಟಮ್ ತಗೊಳಲ್ಲ. ಪರೀಕ್ಷೆ ದಿನ ಅಲ್ಲೇ ಹೇಳಿ ನೋಡಿ.” ಅಲ್ಲಿ ಹೇಳಿದರೆ ಬಿಡುತ್ತಾರಾ ಎಂದು ಕೇಳಿದಳು. ಅದು ಅಲ್ಲಿನವರಿಗೆ ಬಿಟ್ಟದ್ದು ಎಂದರು. ಬೈಯೋಣವೆಂದರೆ ಬೈಯುವುದಕ್ಕೂ ಯಾರೂ ಸಿಗದ ಕಷ್ಟ ಅದು.

ವಾಪಸು ಬಂದಾಗ ಕವನಾ ಅಳುತ್ತಾ ಕೂತಿದ್ದಳು. “ನಾನು ಲೇಟಾಗಿ ಬಂದಿದ್ದಕ್ಕೆ ಹಿಂಗಾಯ್ತು ಅಕ್ಕಾ.” ಉಮಾಶ್ರೀ ಅವಳ ತಲೆ ಸವರಿ, “ನಿನ್ನದೇನಿದೆ ಕಣೇ, ಒತ್ತಿದ್ದು ನನ್ನ ಕೈ” ಎಂದಳು. ಸಮಾಧಾನ ಬೇಕಾಗಿದ್ದದ್ದು ಯಾರಿಗೆ, ಹೇಳುತ್ತಿದ್ದದ್ದು ಯಾರು!

ಉಪಾಯ ಹೇಳಿದವನು ಕಾಂತರಾಜು. “ಎಕ್ಸಾಮ್ ಹಾಲ್‌ನೋರು ಸಹಿ ಓದಲ್ಲ ಉಮಾ, ಬರೀ ಮ್ಯಾಚ್ ನೋಡ್ತಾರೆ. ನಿಜ ಹೇಳಕ್ಕೆ ಹೋದ್ರೆ ಹೊರಗೆ ನಿಲ್ಲಿಸ್ತಾರೆ. ಆ ಬಾಲ ಒಂದು ಕಲ್ತ್ಕೊಂಡ್ಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಅವಳಿಗೆ ಮನಸ್ಸು ಒಪ್ಪಲಿಲ್ಲ. ಎರಡು ದಿನ ಒದ್ದಾಡಿದಳು. ಅವಳ ಕಣ್ಣ ಮುಂದೆ ಇದ್ದದ್ದು ಹೊರಗೆ ನಿಲ್ಲಿಸುವ ಗೇಟು. ಮೂರನೆಯ ದಿನ ಕವನಾಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. “ಅಕ್ಕಾ, ಮಧ್ಯ ಕೈ ಎತ್ತಬಾರ್ದು. ‘ನಾ’ ಬರೆದ್ಮೇಲೆ ಹಾಗೇ ಹಿಂದಕ್ಕೆ ತನ್ನಿ. ಹಾಂ, ಈಗ ಚುಕ್ಕಿ.” ಹನ್ನೆರಡು ವರ್ಷ ಓದಿದವಳು ಕೊನೆಯ ಒಂದು ವಾರ ಅರ್ಥಶಾಸ್ತ್ರ ತಿರುವಿ ಹಾಕುವುದು ಬಿಟ್ಟು ನೋಟ್‌ಬುಕ್ಕಿನ ಪುಟಗಟ್ಟಲೆ ಇನ್ನೊಬ್ಬಳ ಸಹಿ ತಿದ್ದಿದಳು. ಐದನೆಯ ದಿನಕ್ಕೆ ಯಾವುದು ಯಾರದೆಂದು ಕವನಾಳಿಗೇ ಗೊತ್ತಾಗಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಪೂರ್ವಭಾವಿ ಪರೀಕ್ಷೆಯ ಕೇಂದ್ರ ಬಸವೇಶ್ವರನಗರದ ಒಂದು ಕಾಲೇಜು. ಬೆಳಗಿನ ಪ್ರಶ್ನೆಪತ್ರಿಕೆಯ ಹೊತ್ತಿಗೆ ಕೊಠಡಿಯ ಮೇಲ್ವಿಚಾರಕರು ಹಾಜರಿ ಪಟ್ಟಿ ಮುಂದಿಟ್ಟರು. ಅವಳು ಕೈ ಎತ್ತದೆ ಸುತ್ತಿಸಿ, ಚುಕ್ಕಿ ಇಟ್ಟಳು. ಅವರು ಪಟ್ಟಿಯಲ್ಲಿ ಅಚ್ಚಾಗಿದ್ದ ಸಹಿಗೆ ಹೋಲಿಸಿ ನೋಡಿ ಮುಂದಿನ ಬೆಂಚಿಗೆ ಹೋದರು. ಕಾಂತರಾಜು ಹೇಳಿದ್ದು ಸರಿಯಾಗಿತ್ತು. ಆಮೇಲೆ ಅವಳು ಬರೆದ ರೀತಿ ಇದೆಯಲ್ಲ, ಹನ್ನೆರಡು ವರ್ಷದಲ್ಲಿ ಹಾಗೆ ಬರೆದಿರಲಿಲ್ಲ. ಒಂದೊಂದು ಪ್ರಶ್ನೆಯೂ ಪರಿಚಯದವರ ಹಾಗೆ ಕಂಡಿತು. ಮಧ್ಯಾಹ್ನ ಮರದ ಕೆಳಗೆ ಕೂತು ಚಿತ್ರಾನ್ನ ತಿನ್ನುವಾಗ, ಈ ಸಲ ಆಗುತ್ತದೆ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತು. ಅವ್ವನಿಗೆ ಫೋನು ಮಾಡಬೇಕೆಂದುಕೊಂಡಳು, ಎರಡನೆಯದೂ ಮುಗಿಯಲಿ ಎಂದು ಬಿಟ್ಟಳು.

ಮಧ್ಯಾಹ್ನದ ಪತ್ರಿಕೆಗೆ ಮೇಲ್ವಿಚಾರಕರು ಬದಲಾಗಿದ್ದರು. ಕನ್ನಡಕ ಹಾಕಿದ ಹಿರಿಯ ಉಪನ್ಯಾಸಕಿಯೊಬ್ಬರು. ಉಮಾಶ್ರೀ ಸಹಿ ಹಾಕಿದಳು. ಅವರು ಹೋಲಿಸಿದರು, ಮುಂದಕ್ಕೆ ಒಂದು ಹೆಜ್ಜೆ ಇಟ್ಟರು, ತಿರುಗಿ ಬಂದರು. ಅವರು ಓದಿದ್ದರು.

“ನಿಮ್ಮ ಹೆಸರೇನಮ್ಮಾ?”

“ಉಮಾಶ್ರೀ, ಮೇಡಂ.”

“ಇಲ್ಲಿ ಕವನಾ ಅಂತಿದೆಯಲ್ಲಾ.” ಒಂದು ಖಾಲಿ ಹಾಳೆ ಮುಂದಿಟ್ಟರು. “ಇದರ ಮೇಲೆ ನಿಮ್ಮ ಸಹಿ ಹಾಕಿ.”

ಬಾಲ ಸುತ್ತಿಸಲು ಪೆನ್ನು ಊರಿದಳು, ಆಗಲಿಲ್ಲ. ಆ ಮುಖದ ಮುಂದೆ ಸುಳ್ಳು ಹೊರಡಲಿಲ್ಲ. ಶಾಲೆಯ ಹುಡುಗಿಯ ಹಾಗೆ ಉಮಾಶ್ರೀ ಎಂದು ಬಿಡಿಸಿ ಬರೆದಳು. ಪಟ್ಟಿಯಲ್ಲೊಂದು ಸಹಿ, ಹಾಳೆಯಲ್ಲೊಂದು. ಬೇರೆಯವರ ಹೆಸರಿನಲ್ಲಿ ಪರೀಕ್ಷೆ ಬರೆಯುವವರನ್ನು ಹಿಡಿದ ಸುದ್ದಿಗಳನ್ನು ಎಲ್ಲರೂ ಓದಿದ್ದಾರೆ. ಮುಖ್ಯ ಅಧೀಕ್ಷಕರು ಬಂದರು, ಆಧಾರ್ ನೋಡಿದರು, ಫೋಟೋ ನೋಡಿದರು. ಅವಳು ಇದ್ದದ್ದನ್ನೆಲ್ಲ ಹೇಳಿದಳು. ಆ ಉಪನ್ಯಾಸಕಿ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು.

“ಬೆಳಿಗ್ಗೆನೇ ಬಂದು ಹೇಳಿದ್ರೆ ಒಂದು ಮುಚ್ಚಳಿಕೆ ಬರೆಸ್ಕೊಂಡು ಬಿಡ್ತಿದ್ವಿ ಕಣಮ್ಮಾ. ಹೋದ ಸಲನೂ ಒಬ್ರಿಗೆ ಹಾಗೇ ಮಾಡಿದ್ವಿ. ಈಗ ನೀವು ಬೇರೆಯವರ ಸಹಿ ಹಾಕಿದೀರ. ನಾವು ವರದಿ ಬರೀಲೇಬೇಕು.”

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇವಳದು ಆಡದೆಯೇ ಹೋಯಿತು. ಎರಡನೆಯ ಪತ್ರಿಕೆ ಬರೆಯಲು ಬಿಟ್ಟರು, ಬರೆದಳು. ಏನು ಬರೆದಳೋ ಅವಳಿಗೆ ನೆನಪಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಕವನಾಳ ನಂಬರು ಇತ್ತು. ಉಮಾಶ್ರೀಗೆ ಒಂದು ಪತ್ರ ಬಂತು. ಅಭ್ಯರ್ಥಿತನವನ್ನು ರದ್ದುಗೊಳಿಸಲಾಗಿದೆ, ಮೂರು ಸಾಲು, ಕೆಳಗೆ ಹಸಿರು ಶಾಯಿಯ ಸಹಿ.

ಒಂದು ವಾರ ಬೋರ್ಡು ಖಾಲಿ ಇತ್ತು. ಬೆಳಿಗ್ಗೆ ಮಾರ್ಕರ್ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದಳು. ಏನು ಬರೆಯುವುದು? ಶ್ರಮಕ್ಕೆ ಫಲವಿದೆ ಅಂತಲೇ? ಹುಡುಗಿಯರು ಬೋರ್ಡು ನೋಡಿ, ಅವಳನ್ನು ನೋಡಿ, ಕಳ್ಳರ ಹಾಗೆ ಒಳಗೆ ನುಸುಳುತ್ತಿದ್ದರು. ಊರಿಗೆ ಹೋಗೋಣವೆಂದರೆ ಯಾವ ಮುಖ ಹೊತ್ತು ಹೋಗುವುದು? ಇಲ್ಲೇ ಇರೋಣವೆಂದರೆ ಯಾತಕ್ಕೆ? ಮೂವತ್ತೆಂಟು ವರ್ಷಕ್ಕೆ ಹೊಸ ಕನಸು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎಂಟನೆಯ ದಿನ ಕಾಂತರಾಜು ತಲೆ ಕೆರೆದುಕೊಂಡು, “ಹೊಸಾ ಹುಡ್ಗೀರು ವಿಚಾರ್ಸಕ್ಕೆ ಬರ್ತಾರೆ ಉಮಾ. ಬೋರ್ಡು ಖಾಲಿ ಇದ್ರೆ ಚೆನ್ನಾಗಿರಲ್ಲ” ಎಂದ. ಅವಳು ಎದ್ದು ಹೋಗಿ, “ಇವತ್ತಿನ ಪಾಠ ಇವತ್ತೇ ಓದಿ” ಎಂದು ಬರೆದಳು. ಅವತ್ತಿನಿಂದ ಮತ್ತೆ ದಿನಕ್ಕೊಂದು. ಅವುಗಳಲ್ಲಿ ಒಂದನ್ನೂ ಅವಳು ನಂಬುತ್ತಿರಲಿಲ್ಲ. ಹುಡುಗಿಯರಿಗೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ, ಅವರು ಫೋಟೋ ಹೊಡೆದುಕೊಳ್ಳುತ್ತಲೇ ಇದ್ದರು.

ಮೂರು ವರ್ಷ ಕಳೆಯಿತು. ಕವನಾ ಮುಖ್ಯ ಪರೀಕ್ಷೆ ಬರೆದಳು, ಸಂದರ್ಶನ ಮುಗಿಸಿದಳು, ಆಯ್ಕೆಯಾದಳು. ತರಬೇತಿಯೂ ಮುಗಿದು, ಕೆಂಗೇರಿ ಕಡೆಯ ಒಂದು ಕಚೇರಿಗೆ ಅಧಿಕಾರಿಯಾಗಿ ಬಂದಳು. ಕಳೆದ ತಿಂಗಳು ಓದುಕೋಣೆಯಲ್ಲಿ ಅವಳಿಗೆ ಸನ್ಮಾನ. ಉಮಾಶ್ರೀ ಮೆಟ್ಟಿಲ ಬಾಯಲ್ಲಿ ಫ್ಲೆಕ್ಸಿಗೆ ಹಗ್ಗ ಕಟ್ಟಿದಳು, ಪೇಡ ಹಂಚಿದಳು, ಹಿಂದಿನ ಸಾಲಿನಲ್ಲಿ ಕೂತಳು. ಕವನಾ ಮೈಕು ಹಿಡಿದು ಮಾತಾಡಿದಳು.

“ಆಗಲ್ಲ ಅಂತ ಪರೀಕ್ಷೆ ಹೇಳ್ಲಿ, ನೀನು ಹೇಳ್ಬೇಡ ಅಂದಿದ್ರು ಉಮಕ್ಕ. ಅವ್ರು ಇಲ್ದಿದ್ರೆ ನಾನು ಅರ್ಜಿನೇ ಹಾಕ್ತಿರ್ಲಿಲ್ಲ. ನನ್ನ ಸ್ಫೂರ್ತಿ ಅವ್ರೇ.”

ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಉಮಾಶ್ರೀಗೆ ಅದು ಗೊತ್ತಿತ್ತು, ಹೊಟ್ಟೆಕಿಚ್ಚೂ ಇರಲಿಲ್ಲ. ಎದೆಯಲ್ಲಿ ಇದ್ದದ್ದು ಬರೀ ಸುಸ್ತು. ಎದ್ದು ಕೈ ಮುಗಿದು ಕೂತಳು.

ಜನ ಕರಗಿದ ಮೇಲೆ ಅವಳು ತನ್ನ ಮೇಜಿನಿಂದ ಒಂದು ಕಾಗದ ತಂದಳು. ಉಲ್ಲಾಳದ ಹತ್ತಿರ ಹುಡುಗಿಯರ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸ ಖಾಲಿ ಇತ್ತು. ಗುತ್ತಿಗೆಯದು. ಅರ್ಜಿಯ ಜೊತೆ ಪತ್ರಾಂಕಿತ ಅಧಿಕಾರಿಯೊಬ್ಬರಿಂದ ನಡತೆಯ ಪ್ರಮಾಣಪತ್ರ ಬೇಕಿತ್ತು. ಅವಳಿಗೆ ಪರಿಚಯವಿದ್ದ ಅಂಥ ಅಧಿಕಾರಿ ಇನ್ಯಾರಿದ್ದರು?

“ಕವನಾ, ಇದೊಂದು ಮಾಡ್ಕೊಡ್ತೀರಾ?” ಎಂದಳು. ‘ನೀವು’ ತಾನಾಗಿಯೇ ಬಂದಿತ್ತು.

“ಅಯ್ಯೋ, ಕೊಡಿ ಅಕ್ಕಾ. ಕೇಳ್ಬೇಕಾ?” ಕವನಾ ಅಲ್ಲೇ ಹದಿನಾಲ್ಕನೇ ಮೇಜಿಗೆ, ಉಮಾಶ್ರೀಯ ಮೇಜಿಗೇ ಕೂತು, ಬ್ಯಾಗಿನಿಂದ ಪೆನ್ನು ತೆಗೆದು ಕಾಗದ ಓದತೊಡಗಿದಳು. ಇವರು ನನಗೆ ನಾಲ್ಕು ವರ್ಷಗಳಿಂದ ಪರಿಚಿತರು. ಸನ್ನಡತೆಯುಳ್ಳವರು. ಮೇಲಿನ ಸಹಿ ಇವರದೇ ಎಂದು ದೃಢೀಕರಿಸಿದ್ದೇನೆ. ಅಲ್ಲಿಗೆ ಬಂದಾಗ ಅವಳ ಪೆನ್ನು ನಿಂತಿತು. ಅವಳು ತಲೆ ಎತ್ತಲಿಲ್ಲ.

“ಹಾಕಿ, ಪರವಾಗಿಲ್ಲ” ಎಂದಳು ಉಮಾಶ್ರೀ.

ಕವನಾ ಹಾಕಿದಳು. ಕೈ ಎತ್ತದೆ, ‘ನಾ’ ಬರೆದ ಮೇಲೆ ಹಿಂದಕ್ಕೆ ತಂದು, ಕೆಳಗೆ ಎರಡು ಚುಕ್ಕಿ. ಉಮಾಶ್ರೀಯ ಬೆರಳು ಸೆರಗಿನ ಒಳಗೆ ತಾನಾಗಿ ಅದೇ ದಾರಿಯಲ್ಲಿ ಹೋಗಿ ಬಂತು. ಶಾಯಿ ಹಸಿರಾಗಿತ್ತು. ಕುಡಿಯಲು ಒಂದು ಲೋಟ ನೀರು ತರುವಷ್ಟೂ ಹೊತ್ತು ಹಿಡಿಯಲಿಲ್ಲ.

ಸಂಜೆ ಅವ್ವನ ಫೋನು ಬಂತು. ಲಕ್ಷ್ಮವ್ವನಿಗೆ ಈಗ ಕಿವಿ ಮಂದ, ಮರೆವೂ ಜಾಸ್ತಿ. ಪರೀಕ್ಷೆ ಮುಗಿದುಹೋದ ಕಥೆಯನ್ನು ಎಷ್ಟು ಸಲ ಹೇಳಿದರೂ ಅವಳ ತಲೆಯಲ್ಲಿ ನಿಲ್ಲುವುದಿಲ್ಲ.

“ಹಸರು ಸಹಿ ಬಿತ್ತೇನವ್ವ?”

“ಬಿತ್ತು ಯವ್ವಾ.”

“ನೀನ ಹಾಕಿದೇನು?”

“ಇಲ್ಲ. ನನ್ನ ಕಾಗದದ ಮ್ಯಾಲ ಬಿತ್ತು.”

ಲಕ್ಷ್ಮವ್ವನಿಗೆ ಎಷ್ಟು ತಿಳಿಯಿತೋ, ಎಷ್ಟು ತಿಳಿಯಲಿಲ್ಲವೋ.

“ಹೋಗ್ಲಿ ಬಿಡು” ಎಂದಳು. “ಉಂಡಿಯೋ ಇಲ್ಲೋ?”